ಬಿಸಿ ಮಗ್ಗುಲು

ಆನ್‌ದೊಂಗ್
6 ಡಿಸೆಂಬರ್ 1976

ಗೌರವಾನ್ವಿತ ಬೀಗಿತ್ತಿಯವರಾದ ಹೊ ಓಕ್‌ದಾನ್ ಅವರ ಸನ್ನಿಧಿಗೆ ಕ್ವೊನ್ ಮನೆತನದ ನಾಮ್ ಜೊಂಗ್‌ಇಮ್ ಮಾಡುವ ವಂದನೆಗಳು.

ಚಳಿ ಬಲಿಯುತ್ತಿರುವ ಈ ದಿನಗಳಲ್ಲಿ ತಾವೂ ಬೀಗರೂ ದ್ವೀಪದಲ್ಲಿ ಕ್ಷೇಮವೆಂದು ನಂಬಿದ್ದೇನೆ.

ನಾಲ್ಕನೆಯ ತಾರೀಖಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಗಂಡು ಕೂಸು ಜನಿಸಿದೆ. ಮೂರು ತಲೆಮಾರುಗಳಿಂದ ಒಬ್ಬೊಬ್ಬನೇ ಗಂಡಾಗಿ ಸಾಗಿಬಂದ ಮನೆತನವಿದು ಎಂಬುದು ತಮಗೆ ತಿಳಿದೇ ಇದೆ. ಆದುದರಿಂದ ನಮ್ಮ ಯಜಮಾನರ ಸಂತೋಷವನ್ನು ನಾನು ಬಣ್ಣಿಸಬೇಕಾಗಿಲ್ಲ. ಅದರೊಡನೆ ಒಂದು ಹೆಣ್ಣು ಕೂಸೂ ಆಗಿದೆ. ಹೆಬ್ಬಾಗಿಲಿಗೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಕಟ್ಟಿಸಿ, ಗಂಡಿಗಾಗಿ ಕೆಂಪು ಮೆಣಸಿನಕಾಯಿಗಳನ್ನೂ ಹೆಣ್ಣಿಗಾಗಿ ಇದ್ದಿಲಿನ ತುಂಡುಗಳನ್ನೂ ಅದರಲ್ಲಿ ಸಿಕ್ಕಿಸಿದ್ದೇವೆ. ಇಪ್ಪತ್ತೊಂದು ದಿನ ತುಂಬುವವರೆಗೆ ಹೊರಗಿನವರು ಯಾರೂ ಆ ಹಗ್ಗವನ್ನು ದಾಟುವಂತಿಲ್ಲ. ತವರಿನವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಹೇಗೂ ಈ ತಿಂಗಳ ಕಡಲು ತಮ್ಮನ್ನು ಬರಗೊಡದು.

ತಮ್ಮ ಮಗಳು ಇನ್‌ಸುನ್ ಚೆನ್ನಾಗಿದ್ದಾಳೆ. ಕಡಲಪಾಚಿಯ ಸಾರನ್ನು ದಿನಕ್ಕೆ ನಾಲ್ಕು ಸಲ ಕುಡಿಸುತ್ತಿದ್ದೇವೆ. ಬಾಣಂತಿ ಅಕ್ಷರ ನೋಡಿದರೆ ಕಣ್ಣು ಕೆಡುವುದರಿಂದ ಕಾಗದ ಬರೆಯಲು ನಾನು ಬಿಟ್ಟಿಲ್ಲ. ಅವಳಿಗೆ ವಿಶ್ರಾಂತಿ ದೊರೆಯಲೆಂದು ಎದುರು ಕೋಣೆಯಲ್ಲಿ ಮಲಗಿಸಿ, ಕೂಸುಗಳನ್ನು ನನ್ನ ಕೋಣೆಯಲ್ಲಿಯೇ ಇರಿಸಿಕೊಂಡಿದ್ದೇನೆ. ಹಾಲಿನ ಹೊತ್ತಿಗೆ ಅಡುಗೆಯ ಬೊಕ್‌ಸಿಲ್ ಎತ್ತಿಕೊಂಡು ಹೋಗುತ್ತಾಳೆ.

ಕೂಸುಗಳನ್ನು ಎಲ್ಲಿ ಮಲಗಿಸಿದ್ದೀರಿ ಎಂದು ತಾವು ಕೇಳುವ ಮೊದಲೇ ತಿಳಿಸುತ್ತೇನೆ. ಮೊಮ್ಮಗನಿಗೆ ಒಲೆಬಾಯಿಯ ಕಡೆಯ, ಒಲೆಯ ಬೆಂಕಿ ನೆಲದಡಿ ಹಾಯುವಾಗ ಎಲ್ಲಕ್ಕೂ ಮೊದಲು ಕಾಯುವ ಬಿಸಿ ಮಗ್ಗುಲು. ನನ್ನ ಅತ್ತೆಯವರು ಉಸಿರಿರುವ ತನಕ ಕುಳಿತ, ಅವರ ತರುವಾಯ ನಮ್ಮ ಯಜಮಾನರು ಕುಳಿತ ಜಾಗವದು. ನೆಲಕ್ಕೆ ಹಚ್ಚಿದ ಎಣ್ಣೆಕಾಗದ ಅಲ್ಲಿ ಮಾತ್ರ ಕಾದು ಕಾದು ಕಂದಿದೆ. ಅದೇ ಅದರ ಹಿರಿಮೆಯ ಗುರುತು. ಯಜಮಾನರು ತಾವಾಗಿ ಎದ್ದು ಜಾಗ ಬಿಟ್ಟುಕೊಟ್ಟರು. ಎರಡು ಪದರದ ರೇಷ್ಮೆಯ ಹಾಸಿಗೆ, ತಲೆ ಗುಂಡಗೆ ಬರಲೆಂದು ನಾನೇ ನವಣೆ ತುಂಬಿ ಹೊಲಿದ ದಿಂಬು, ಮೇಲೆ ರೇಷ್ಮೆಯ ಹೊದಿಕೆ. ಹೆಣ್ಣು ಕೂಸು ಬಾಗಿಲ ಕಡೆಯ ಗೋಡೆಯ ಬಳಿ ಒಂದು ತೆಳು ಹಾಸಿನ ಮೇಲಿದೆ. ಅದಕ್ಕೆ ಅಷ್ಟು ಸಾಕು.

ಉಳಿದದ್ದನ್ನು ಮುಂದೆ ಅರಿಕೆ ಮಾಡುತ್ತೇನೆ.

ನಾಮ್ ಜೊಂಗ್‌ಇಮ್


ಉಲ್ಲುಂಗ್ ದ್ವೀಪ, ದೊದೊಂಗ್ ಬಂದರು
11 ಡಿಸೆಂಬರ್ 1976

ಬೀಗಿತ್ತಿಯವರಿಗೆ ಹೊ ಓಕ್‌ದಾನಳ ನಮಸ್ಕಾರ.

ತಮ್ಮ ಕಾಗದ ಇಂದಿನ ಹಡಗಿನಲ್ಲಿ ಬಂತು. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಎರಡನೆಯ ಸಲ ಓದಿದಾಗ ಮೈ ಉರಿಯಿತು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ನನ್ನ ಬರವಣಿಗೆಯಲ್ಲಿ ನಯ ಸಾಲದೆ ಹೋದರೆ ಕ್ಷಮಿಸಬೇಕು, ಕ್ಷಮಿಸದಿದ್ದರೂ ಓದಬೇಕು.

ಹೆಣ್ಣು ಕೂಸಿಗೆ ಅಷ್ಟು ಸಾಕು ಎಂದು ಬರೆದಿದ್ದೀರಿ. ಆ ಮಾತನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಬೊಂಡಾಸು ಮೀನನ್ನು ಕಡ್ಡಿಗೆ ಪೋಣಿಸುತ್ತ, “ಸುಮ್ನಿರೇ, ದೊಡ್ಡ ಮನೆಯೋರು. ಏನೋ ಅವರ ಪದ್ಧತಿ” ಅಂದರು. “ಆ ಪದ್ಧತೀನ ಇವತ್ತು ನೀವೇ ಹೊದ್ಕೊಂಡು ಬಾಗ್ಲು ಹತ್ರ ಮಲ್ಗಿ. ಬೆಳಿಗ್ಗೆ ಎದ್ಮೇಲೆ ಮಾತಾಡೋಣ” ಅಂದೆ. ಬಾಗಿಲ ಹೊರಗೆ ಮೊಳಕಾಲುದ್ದ ಹಿಮ ಬಿದ್ದಿದೆ. ಅವರು ಮುಂದಿನ ಮೀನಿಗೆ ಕೈ ಹಾಕಿದರು.

ಮಗನೋ ಮಗಳೋ, ಇಬ್ಬರನ್ನೂ ಒಂದೇ ಸಮ ನೋಡಿಕೊಳ್ಳಿ ಎಂದು ಸರಕಾರದವರು ನಮ್ಮ ಮೀನು ಸಂತೆಯ ಗೋಡೆಯ ಮೇಲೂ ಬರೆಸಿದ್ದಾರೆ. ಪಂಡಿತರ ಊರಾದ ಆನ್‌ದೊಂಗಿನಲ್ಲಿ ಗೋಡೆಗಳಿಗೆ ಬರವೋ?

ಇನ್‌ಸುನ್ ಹುಟ್ಟಿದಾಗ ನಮ್ಮದು ಬಡ ಮನೆಯೇ. ಆದರೂ ಅವಳನ್ನು ಬಿಸಿ ಮಗ್ಗುಲಿನಲ್ಲಿ, ಎರಡು ಹತ್ತಿ ಹಾಸಿಗೆಯ ಮೇಲೆ ಮಲಗಿಸಿ ಬೆಳೆಸಿದೆವು. ಹೆಣ್ಣೆಂದು ಒಂದು ದಿನವೂ ತಣ್ಣನೆಯ ನೆಲ ಮುಟ್ಟಿಸಲಿಲ್ಲ. ಅಂಥವಳ ಮಗಳು ಇಂದು ಬಾಗಿಲ ಸಂದಿಯ ಗಾಳಿಗೆ ಬಿದ್ದಿದ್ದಾಳೆ.

ಇದರೊಡನೆ ಒಂದು ಹೊದಿಕೆ ಕಳಿಸಿದ್ದೇನೆ. ಹೊಸ ಹತ್ತಿ ತುಂಬಿದ್ದು, ಎರಡು ಕೂಸುಗಳನ್ನೂ ಒಟ್ಟಿಗೆ ಮುಚ್ಚುವಷ್ಟು ಅಗಲವಿದೆ. ಹೆಣ್ಣು ಮಗುವಿಗೆಂದು ಒಂದು ನವಣೆಯ ದಿಂಬೂ ಇದೆ; ತಮ್ಮ ದಿಂಬಿಗಿಂತ ಅದರಲ್ಲಿ ಒಂದು ಹಿಡಿ ನವಣೆ ಹೆಚ್ಚೇ ಇದ್ದೀತು. ತಂಗಿಯನ್ನು ಅಣ್ಣನ ಪಕ್ಕದಲ್ಲಿಯೇ, ಅದೇ ಬಿಸಿ ಮಗ್ಗುಲಿನಲ್ಲಿ, ಒಂದೇ ಹೊದಿಕೆಯ ಕೆಳಗೆ ಮಲಗಿಸಬೇಕು. ಇದು ಬಿನ್ನಹವಲ್ಲ.

ಹೊ ಓಕ್‌ದಾನ್


ಆನ್‌ದೊಂಗ್
13 ಡಿಸೆಂಬರ್ 1976

ಗೌರವಾನ್ವಿತ ಬೀಗಿತ್ತಿಯವರಿಗೆ,

ತಮ್ಮ ಉತ್ತರ ಇನ್ನೂ ಬಂದಿಲ್ಲ. ಹಡಗು ತಡವಾಗಿರಬೇಕು. ತಾವು ಕಳವಳಗೊಳ್ಳಬಾರದೆಂದು ಬರೆಯುತ್ತಿದ್ದೇನೆ.

ಮೊಮ್ಮಗನ ಗಾಂಭೀರ್ಯವನ್ನು ತಾವು ನೋಡಬೇಕಿತ್ತು. ಹುಟ್ಟಿದ ಮೂರು ನಾಲ್ಕು ದಿನ ಎಲ್ಲ ಕೂಸುಗಳಂತೆ ಅಳುತ್ತಿದ್ದನು. ಈಗ ಆ ಚಾಪಲ್ಯವೂ ಇಲ್ಲ. ಸದ್ದಿಲ್ಲದೆ ನಿದ್ರಿಸುತ್ತಾನೆ, ಹಾಲಿಗೂ ಏಳುವುದಿಲ್ಲ. ಕೆನ್ನೆ ಎರಡೂ ದಾಳಿಂಬೆಯಂತೆ ಕೆಂಪಾಗಿವೆ. ನೋಡಬಂದ ನೆರೆಮನೆಯಾಕೆ ಹಗ್ಗದಾಚೆಯಿಂದಲೇ ಕೇಳಿ, “ಅಬ್ಬಾ, ಮನೇಲಿ ಗಂಡು ಕೂಸಿದೆ ಅಂತಾನೇ ಗೊತ್ತಾಗಲ್ವಲ್ಲ ಅಕ್ಕಾ! ಹುಟ್ಟಾ ದೊರೆಮಗ” ಎಂದು ಹೊಗಳಿ ಹೋದಳು.

ಬೊಕ್‌ಸಿಲ್ ಮಾತ್ರ ಬಾಯಿ ಮುಚ್ಚುವುದಿಲ್ಲ. “ಅಮ್ಮಾವ್ರೇ, ಕೂಸಿನ ಕತ್ತೆಲ್ಲ ಬೆವರುಸಾಲೆ ಎದ್ದು ಬೆಂದ್ಹಾಗೆ ಆಗಿದೆ. ಒಲೆಗೆ ಎರಡು ಕೊಳ್ಳಿ ಕಮ್ಮಿ ಹಾಕ್ಲಾ?” ಎಂದಳು. “ನಿನ್ನ ಕೆಲಸ ಕೊಳ್ಳಿ ಹಾಕೋದು, ಎಣಿಸೋದಲ್ಲ” ಎಂದೆ. ಬೆವರುಸಾಲೆ ಏಳದ ಕೂಸುಂಟೆ? ಇನ್‌ಸುನ್ ಕೂಡ ಎದುರು ಕೋಣೆಯಿಂದ ಕೂಗಿ, “ಅತ್ತೇ, ಹುಡುಗ ಯಾಕೆ ಅಳ್ತಾನೇ ಇಲ್ಲ? ನನ್ನ ಹತ್ರ ತಂದಾಗ್ಲೂ ಬಾಯಿ ಹಾಕ್ದೆ ನಿದ್ದೆ ಮಾಡ್ತಾನೆ” ಎಂದು ಕೇಳಿದಳು. “ಅಳೋಕೆ ಅವನಿಗೇನು ಕೊರತೆ? ನೀನು ಮಲಕ್ಕೋ” ಎಂದು ಸಮಾಧಾನ ಹೇಳಿದೆ. ಚೊಚ್ಚಲ ಬಾಣಂತಿಯರ ದಿಗಿಲು ತಮಗೂ ತಿಳಿದದ್ದೇ.

ಗಾಂಭೀರ್ಯವೆಲ್ಲ ಒಬ್ಬನ ಪಾಲಿಗೇ ಬಂದಿದೆ. ಗೋಡೆಯ ಬಳಿಯಿರುವ ಹೆಣ್ಣು ಕೂಸು ಎರಡು ತಾಸಿಗೊಮ್ಮೆ ಕೈಕಾಲು ಬಡಿದು, ಹೊದಿಸಿದ್ದನ್ನು ಒದ್ದು, ಮೀನು ಸಂತೆಯ ಹೆಂಗಸಿನಂತೆ ಅರಚುತ್ತದೆ. ನಮ್ಮ ಕಡೆ ಯಾರಿಗೂ ಅಂಥ ಗಂಟಲಿಲ್ಲ.

ನಾಮ್ ಜೊಂಗ್‌ಇಮ್


ದೊದೊಂಗ್ ಬಂದರು
17 ಡಿಸೆಂಬರ್ 1976

ಬೀಗಿತ್ತಿಯವರಿಗೆ,

ಹದಿಮೂರನೆಯ ತಾರೀಖಿನ ಕಾಗದ ಈಗ ತಾನೆ ಕೈಸೇರಿತು. ಮೀನು ಸಂತೆಯ ಹೆಂಗಸು ಉತ್ತರಿಸುತ್ತಿದ್ದಾಳೆ.

ಹೌದು, ಆ ಗಂಟಲು ನಮ್ಮದೇ. ಅಲೆಯ ಸದ್ದಿನ ಮೇಲೆ ಕೂಗಿ ದೋಣಿಯವರನ್ನು ಕರೆದು ಕರೆದು ಬಂದ ಗಂಟಲು. ಈ ಗಂಟಲಿನಿಂದಲೇ ಮೀನು ಮಾರಿ ಇನ್‌ಸುನಳನ್ನು ಶಾಲೆಗೆ ಕಳಿಸಿದೆ. ಅವಳು ಶಿಕ್ಷಕಿಯಾಗಿ ತಮ್ಮ ಮನೆಗೆ ಸಂಬಳ ತರುತ್ತಿದ್ದ ದಿನಗಳಲ್ಲಿ ಸಂತೆಯ ವಾಸನೆ ತಮ್ಮ ಮೂಗಿಗೆ ಬಡಿಯಲಿಲ್ಲ. ಈಗ ಹದಿಮೂರು ದಿನದ ಕೂಸಿನ ಅಳುವಿನಲ್ಲಿ ಬಡಿಯಿತೆ?

ತಣ್ಣನೆಯ ನೆಲದ ಮೇಲೆ ಬಿದ್ದ ಮಗು ಅಳದೆ ಹಾಡೀತೆ? ಒದ್ದು ಕೂಗಿ ನ್ಯಾಯ ಕೇಳುತ್ತಿದೆ ಅದು. ಆ ಮನೆಯಲ್ಲಿ ಬಾಯಿ ಇರುವುದು ಅದೊಂದಕ್ಕೇ. ನಮ್ಮ ಅಳಿಯಂದಿರಿಗೆ ಬಾಯಿಯಿಲ್ಲವೆಂಬುದು ಮದುವೆಯ ದಿನವೇ ಗೊತ್ತಾಗಿತ್ತು.

ನಾನು ಕಳಿಸಿದ ಹೊದಿಕೆ ದಿಂಬುಗಳು ಇಷ್ಟರಲ್ಲಿ ತಲುಪಿರಬೇಕು. ಮುಂದಿನ ಕಾಗದದಲ್ಲಿ ತಂಗಿ ಅಣ್ಣನ ಪಕ್ಕದಲ್ಲಿದ್ದಾಳೆ ಎಂಬ ಮಾತನ್ನು ನಾನು ಓದಬೇಕು. ಇಲ್ಲವಾದರೆ ಹಗ್ಗವೂ ಬೇಡ, ಇಪ್ಪತ್ತೊಂದು ದಿನವೂ ಬೇಡ. ಹಡಗು ಹೊರಟ ಮೊದಲ ದಿನವೇ ಬಂದು ಆ ಹೆಣ್ಣು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತೇನೆ. ಇಲ್ಲಿ ಅದಕ್ಕೆ ಬಿಸಿ ಮಗ್ಗುಲು ಕಾದಿದೆ.

ಹೊ ಓಕ್‌ದಾನ್


ಆನ್‌ದೊಂಗ್
20 ಡಿಸೆಂಬರ್ 1976

ಬೀಗಿತ್ತಿಯವರಿಗೆ,

ತಮ್ಮ ಹನ್ನೊಂದನೆಯ ತಾರೀಖಿನ ಕಾಗದವೂ ಗಂಟೂ ಹದಿನೇಳರಂದು ತಲುಪಿದವು. ಮೂರು ದಿನ ಉತ್ತರಿಸದೆ ಇದ್ದದ್ದು ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕುತ್ತಿದ್ದುದರಿಂದ. ಈ ಮನೆಗೆ ಬಂದ ಮೂವತ್ತೊಂದು ವರ್ಷಗಳಲ್ಲಿ “ಇದು ಬಿನ್ನಹವಲ್ಲ” ಎಂದು ನನಗೆ ಯಾರೂ ಬರೆದಿರಲಿಲ್ಲ.

ಗೋಡೆಗಳಿಗೆ ಬರವೇ ಎಂದು ಕೇಳಿದ್ದೀರಿ. ಕ್ವೊನ್ ಮನೆತನದಲ್ಲಿ ಹೆಣ್ಣು ಕೂಸನ್ನು ಚಳಿಗೆ ಕೆಡವಿದ್ದಾರೆ ಎಂದು ದ್ವೀಪದ ತುಂಬ ಸಾರಲು ತಮಗೆ ಅವಕಾಶ ಕೊಡುವವಳು ನಾನಲ್ಲ. ತಮ್ಮ ಗಂಟನ್ನು ಬಿಚ್ಚಿದ ಗಳಿಗೆಯಲ್ಲಿಯೇ ಹೆಣ್ಣು ಕೂಸನ್ನು ಬಿಸಿ ಮಗ್ಗುಲಿಗೆ ಸರಿಸಿದೆ. ತಮ್ಮ ದಿಂಬನ್ನೇ ತಲೆಗೆ ಇಟ್ಟೆ. ತಮ್ಮ ಹೊದಿಕೆಯನ್ನೇ ಇಬ್ಬರ ಮೇಲೂ ಗಲ್ಲದ ತನಕ ಎಳೆದು, ಒದ್ದು ಸರಿಸಲಾಗದಂತೆ ಅಂಚುಗಳನ್ನು ಕೆಳಕ್ಕೆ ಮಡಿಸಿ ಸಿಕ್ಕಿಸಿದೆ. ಹೆಣ್ಣಿಗೆ ಶಾಖ ಕಡಿಮೆಯಾಯಿತೆಂಬ ಮಾತು ಮತ್ತೆ ಬರಬಾರದೆಂದು ಒಲೆಗೆ ಇನ್ನೊಂದು ಹೊರೆ ಕಟ್ಟಿಗೆ ಹಾಕಿಸಿದ್ದೇನೆ. ಬೊಕ್‌ಸಿಲ್ ಎದುರು ಮಾತನಾಡಿದಳು. ಅವಳನ್ನು ನಾಲ್ಕು ದಿನ ಊರಿಗೆ ಕಳಿಸಿದೆ. ಈಗ ಒಲೆ ನೋಡುವವಳೂ ನಾನೇ, ಕೂಸುಗಳನ್ನು ಹಾಲಿಗೆ ಒಯ್ಯುವವಳೂ ನಾನೇ.

ಪರಿಣಾಮವನ್ನು ತಾವೇ ನೋಡಿ. ಮೊದಲ ದಿನ ಎಂದಿಗಿಂತ ಹೆಚ್ಚು ಅರಚಿದ ಹೆಣ್ಣು ಕೂಸು ಎರಡು ದಿನಗಳಿಂದ ತುಟಿ ಬಿಚ್ಚಿಲ್ಲ. ಹಾಲಿಗೆಂದು ಎತ್ತಿದರೂ ಕಣ್ಣು ತೆರೆಯದು. ನಿದ್ರೆ ಕೆಡಿಸುವುದೇಕೆಂದು ಕೆಲವೊಮ್ಮೆ ನಾನೂ ಎತ್ತುವುದಿಲ್ಲ. ಅಣ್ಣನಂತೆ ತಾನೂ ಶಿಸ್ತು ಕಲಿತಿದೆ ಎನ್ನಬೇಕು. ಮನೆಯಲ್ಲಿ ಈಗ ಸೂಜಿ ಬಿದ್ದರೂ ಕೇಳಿಸುವಷ್ಟು ಶಾಂತಿಯಿದೆ.

ತಮ್ಮ ಆಜ್ಞೆ ನೆರವೇರಿದೆ. ಇನ್ನು ತಮಗೆ ತೃಪ್ತಿಯಾಗಿರಬೇಕು.

ನಾಮ್ ಜೊಂಗ್‌ಇಮ್


ತಂತಿ
ದೊದೊಂಗ್ ಅಂಚೆಮನೆಯಿಂದ, 28 ಡಿಸೆಂಬರ್ 1976

ಕೂಸುಗಳನ್ನು ಬಿಸಿನೆಲದಿಂದ ಈಗಲೇ ಎತ್ತಿ. ಹೊದಿಕೆ ದಿಂಬು ತೆಗೆಯಿರಿ. ಎಬ್ಬಿಸಿ ಹಾಲು ಕುಡಿಸಿ. ಸೂಲಗಿತ್ತಿಯನ್ನು ಕರೆಸಿ. ಓಕ್‌ದಾನ್


ದೊದೊಂಗ್ ಬಂದರು
28 ಡಿಸೆಂಬರ್ 1976

ಬೀಗಿತ್ತಿಯವರಿಗೆ,

ಹತ್ತು ದಿನ ಬಿರುಗಾಳಿ. ಹಡಗು ಬಂದದ್ದು ಇಂದು. ತಮ್ಮ ಇಪ್ಪತ್ತನೆಯ ತಾರೀಖಿನ ಕಾಗದವನ್ನು ಬಂದರಿನ ಕಟ್ಟೆಯ ಮೇಲೆ ನಿಂತೇ ಓದಿದೆ. ಓದಿ ಅಂಚೆಮನೆಗೆ ಓಡಿದೆ. ತಂತಿ ಕೊಟ್ಟು, ಅಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಈ ಕಾಗದ ತಲುಪುವ ಹೊತ್ತಿಗೆ ನಾನು ಹೇಳುವುದರಿಂದ ಪ್ರಯೋಜನ ಇದ್ದೀತೋ ಇಲ್ಲವೋ ತಿಳಿಯದು.

ಎಳೆಯ ಕೂಸು ಹಾಲಿಗೆ ಏಳದಿದ್ದರೆ ಅದನ್ನು ಶಿಸ್ತು ಎಂದು ಯಾವ ತಾಯಿ ಕರೆಯುತ್ತಾಳೆ? ನೀವೂ ಹೆತ್ತವರಲ್ಲವೆ? ಆ ಕೆನ್ನೆಯ ದಾಳಿಂಬೆ ಬಣ್ಣ ಎಲ್ಲಿಯದೆಂದು ಆ ನೆಲವನ್ನು ಒಮ್ಮೆ ಅಂಗೈಯಿಂದ ಮುಟ್ಟಿ ನೋಡಬಾರದಿತ್ತೆ?

ಇಷ್ಟು ಬರೆದು ನಿಲ್ಲಿಸಿದೆ. ಮಡಿಲಿನಲ್ಲಿ ಇಟ್ಟುಕೊಂಡಿದ್ದ ತಮ್ಮ ಹದಿಮೂರನೆಯ ತಾರೀಖಿನ ಕಾಗದವನ್ನು ತೆಗೆದು ಇನ್ನೊಮ್ಮೆ ಓದಿದೆ. “ಹಾಲಿಗೂ ಏಳುವುದಿಲ್ಲ” ಎಂದು ಅದರಲ್ಲಿಯೇ ಇದೆ. ಬೆವರುಸಾಲೆಯ ಮಾತಿದೆ, ಒಲೆಯ ಮಾತಿದೆ, ಇನ್‌ಸುನ್ ಕೇಳಿದ ಪ್ರಶ್ನೆಯಿದೆ. ಐದು ಮಕ್ಕಳನ್ನು ಹೆತ್ತವಳು ನಾನು. ಹನ್ನೊಂದು ದಿನದ ಹಿಂದೆ ಅದನ್ನೆಲ್ಲ ಓದಿಯೂ ಕಣ್ಣಿಗೆ ಬಿದ್ದದ್ದು ಮೀನು ಸಂತೆ ಎಂಬ ಮಾತೊಂದೇ. ಅದಕ್ಕೆ ಎರಡು ಪುಟ ಉತ್ತರ ಬರೆದೆ.

ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ನನ್ನನ್ನು ಕ್ಷಮಿಸಿಕೊಳ್ಳುವುದು ಆಮೇಲಿನ ಮಾತು.

ಓಕ್‌ದಾನ್


ಆನ್‌ದೊಂಗ್
29 ಡಿಸೆಂಬರ್ 1976

ಅತ್ತೆಯವರಿಗೂ ಅಮ್ಮನಿಗೂ,

ಇದನ್ನು ಎರಡು ಪ್ರತಿ ಮಾಡಿದ್ದೇನೆ. ಒಂದನ್ನು ಅಂಚೆಗೆ ಹಾಕಿ, ಇನ್ನೊಂದನ್ನು ಅತ್ತೆಯವರ ಕೋಣೆಯ ಬಾಗಿಲ ಕೆಳಗೆ ತೂರಿಸುತ್ತೇನೆ. ಅಕ್ಷರ ನೋಡಿದರೆ ಬಾಣಂತಿಯ ಕಣ್ಣು ಕೆಡುವುದಾದರೆ ಕೆಡಲಿ.

ಅಮ್ಮ, ನಿನ್ನ ತಂತಿ ನಿನ್ನೆ ಸಂಜೆ ಬಂತು. ಆರು ದಿನ ತಡ. ಇಬ್ಬರೂ ಬದುಕಿದ್ದಾರೆ.

ಹತ್ತೊಂಬತ್ತನೆಯ ದಿನ, ಎಂದರೆ ಇಪ್ಪತ್ತೆರಡರಂದು, ಮಧ್ಯಾಹ್ನವಾದರೂ ಕೂಸುಗಳನ್ನು ಹಾಲಿಗೆ ತರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಮಗಳ ಅಳು ಕೇಳಿ ನಾಲ್ಕು ದಿನ ಆಗಿತ್ತು; ಆ ಅಳು ಕೇಳಿಸುತ್ತಿದ್ದಷ್ಟು ದಿನವೂ ಆ ಕೋಣೆಯಲ್ಲಿ ಜೀವವಿದೆ ಎಂದು ನಂಬಿದ್ದೆ. ಹೆತ್ತ ದಿನ ನನಗೆ ರಕ್ತ ನಿಲ್ಲದೆ ಎರಡು ಸಲ ಪ್ರಜ್ಞೆ ತಪ್ಪಿತ್ತೆಂದು ಅತ್ತೆ ನಿನಗೆ ಬರೆದಿರಲಾರರು. ಗೋಡೆ ಹಿಡಿದು ಎದ್ದೆ. ಕಂಬ ಹಿಡಿದು ಮರದ ಜಗಲಿ ದಾಟಿದೆ.

ಅತ್ತೆ ಬಾಗಿಲಲ್ಲಿ ನಿಂತು, “ಅಯ್ಯೋ, ಯಾಕೆ ಎದ್ದೆ? ಇನ್ನೂ ಎರಡು ದಿನ ಇದೆ. ಗಾಳಿ ತಾಗಿದ್ರೆ ಜೀವನಪೂರ್ತಿ ಮೈ ನೋವು” ಅಂದರು.

“ದಾರಿ ಬಿಡಿ ಅತ್ತೆ.”

“ಈಗ ತಾನೆ ಮಲಗಿವೆ ಕಣೇ.”

“ದಾರಿ ಬಿಡಿ ಅಂದೆ.”

ಹೊದಿಕೆಯ ಅಂಚು ಮಗಳ ಮೂಗಿನ ಮೇಲಿತ್ತು. ನವಣೆಯ ದಿಂಬುಗಳೆರಡೂ ಜಾರಿ ಒಂದಕ್ಕೊಂದು ತಾಗಿ, ನಡುವೆ ಆದ ಕುಳಿಯಲ್ಲಿ ಅವಳ ಮುಖ ಹೂತಿತ್ತು. ಮಗನ ತುಟಿ ಒಣಗಿ ಬಿರುಕುಬಿಟ್ಟಿತ್ತು. ಮುಟ್ಟಿದರೆ ಕಾವಲಿ ಮುಟ್ಟಿದಂತೆ. ಎರಡು ಕೂಸುಗಳನ್ನೂ ಎಳೆದುಕೊಂಡು ಬಾಗಿಲ ಬಳಿಯ ಬರಿ ನೆಲದ ಮೇಲೆ, ಮಗಳು ಮೊದಲು ಮಲಗುತ್ತಿದ್ದಲ್ಲಿಯೇ, ಕುಸಿದು ಕುಳಿತೆ. ಸುತ್ತಿದ ಬಟ್ಟೆಗಳನ್ನು ಬಿಚ್ಚಿದೆ. ನಿನ್ನ ಅಳಿಯನಿಗೆ ಬಾಯಿಯಿಲ್ಲವೆಂದು ಬರೆದಿದ್ದೆಯಲ್ಲ ಅಮ್ಮ, ಅಂದು ಅವರಿಗೆ ಕಾಲಿತ್ತು. ಸೇಬಿನ ಮಂಡಿಯಿಂದ ಊಟಕ್ಕೆ ಬಂದವರು ನನ್ನನ್ನು ನೋಡಿ ಒಂದು ಮಾತೂ ಆಡದೆ ಹಿಂದಕ್ಕೆ ಓಡಿ, ಸೂಲಗಿತ್ತಿ ಪ್ಯೊ ಅವರನ್ನು ಕರೆತಂದರು.

ಹೆಬ್ಬಾಗಿಲಲ್ಲಿ ಮಾವನವರು, “ಹಗ್ಗ ಇದೆಯಮ್ಮಾ, ಹೊರಗಿನೋರು ದಾಟೋ ಹಾಗಿಲ್ಲ” ಅಂದದ್ದು ನನಗೆ ಒಳಗೆ ಕೇಳಿಸಿತು.

“ಯಜಮಾನ್ರೇ, ಹಗ್ಗ ನೋಡ್ಕೊಂಡು ನಿಂತ್ರೆ ಒಳಗಿರೋ ಕೂಸು ಕಾಯುತ್ತಾ?” ಅಂದು ಆಕೆ ತಲೆ ಬಗ್ಗಿಸಿ ನುಸುಳಿ ಬಂದರು. ಒಂದು ಮೆಣಸಿನಕಾಯಿ ಅವರ ಜಡೆಗೆ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಎಸೆಯಲೂ ಅವರು ನಿಲ್ಲಲಿಲ್ಲ.

ಮಗನ ಕತ್ತಿನ ಹಿಂದೆ ಕೈಯಿಟ್ಟು ನೋಡಿ, “ಇದನ್ನು ಬೇಯಿಸೋಕೆ ಇಟ್ಟಿದ್ರೋ, ಬೆಳೆಸೋಕೆ ಇಟ್ಟಿದ್ರೋ?” ಅಂದರು. ನನ್ನ ಹಾಲು ಹಿಂಡಿ ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟೆವು. ಮಗಳು ಮೂರನೆಯ ಚಮಚಕ್ಕೆ ನುಂಗಿದಳು, ಸ್ವಲ್ಪ ಹೊತ್ತಿಗೆ ಅತ್ತಳು. ಮಗ ನುಂಗಲಿಲ್ಲ. ಅವನನ್ನು ಪೇಟೆಯ ಆಸ್ಪತ್ರೆಗೆ ಒಯ್ದರು. ನೆತ್ತಿಯ ನರಕ್ಕೆ ಸೂಜಿ ಚುಚ್ಚಿ ನೀರು ಏರಿಸಿದರು. ಮೊನ್ನೆ ಮನೆಗೆ ಬಂದಿದ್ದಾನೆ. ಇನ್ನೊಂದು ದಿನ ಕಳೆದಿದ್ದರೆ ತರುವ ಕೆಲಸವಿರುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು.

ಇಬ್ಬರಲ್ಲಿ ಬೇಗ ಚೇತರಿಸಿಕೊಂಡವಳು ಮಗಳು. ಹದಿಮೂರು ದಿನ ಅವಳು ತಣ್ಣನೆಯ ಕಡೆ, ತೆಳು ಹಾಸಿನ ಮೇಲೆ, ದಿಂಬಿಲ್ಲದೆ ಅಂಗಾತ ಮಲಗಿದ್ದಳಲ್ಲ, ಆ ಹದಿಮೂರು ದಿನದ ಕಸುವು ಅದು. ಅತ್ತೆ, ನೀವು ಅವಳನ್ನು ಕಡೆಗಣಿಸಿದ್ದರಿಂದ ಅವಳು ಉಳಿದಳು. ಅಮ್ಮ, ನೀನು ಅವಳಿಗೆ ನ್ಯಾಯ ಕೊಡಿಸಿದ್ದರಿಂದ ಸಾಯುವುದರಲ್ಲಿದ್ದಳು. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ.

ಅಮ್ಮ ಬರೆದ ಕಾಗದಗಳನ್ನೆಲ್ಲ ಅತ್ತೆಯವರ ಪೆಟ್ಟಿಗೆಯಿಂದ ತೆಗೆದು ಓದಿದೆ. ಕೇಳಲಿಲ್ಲ, ತೆಗೆದೆ. ಅವುಗಳಲ್ಲಿ ತಂಗಿ ಅಣ್ಣ ಎಂದಿದೆ. ಹಾಗಾದರೆ ಮಗಳೇ ಮೊದಲು ಹುಟ್ಟಿದ್ದೆಂದು ಅತ್ತೆ ನಿನಗೆ ತಿಳಿಸಿಯೇ ಇಲ್ಲ. ಅವಳು ಅಕ್ಕ. ಅವನಿಗಿಂತ ಅರ್ಧ ಗಂಟೆ ಮೊದಲು ಬಂದಳು, ಬರುತ್ತಲೇ ಅರಚಿದಳು.

ಇನ್ನು ನಿನ್ನ ಸುಳ್ಳು. ನನ್ನನ್ನು ಬಿಸಿ ಮಗ್ಗುಲಿನಲ್ಲಿ ಎರಡು ಹತ್ತಿ ಹಾಸಿಗೆಯ ಮೇಲೆ ಬೆಳೆಸಿದೆಯಂತೆ. ಚಿಕ್ಕಂದಿನಿಂದ ನೀನು ನನಗೆ ಹೇಳುತ್ತಿದ್ದದ್ದೇ ಬೇರೆ. ಇದ್ದ ಒಂದು ಕೋಣೆಯ ಬಿಸಿ ನೆಲದ ತುಂಬ ಬೊಂಡಾಸು ಒಣಗಲು ಹರಡಿರುತ್ತಿತ್ತು. ಮಲಗಿಸಲು ಜಾಗವಿಲ್ಲದೆ ನನ್ನನ್ನು ಬಾಗಿಲ ಬಳಿ ಖಾಲಿ ಮೀನಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದೆ. ತಳಕ್ಕೆ ಗಟ್ಟಿಯಾಗಿ ಒಂದು ಚಾಪೆ, ಅಷ್ಟೆ. ಪೆಟ್ಟಿಗೆಯ ವಾಸನೆ ನನ್ನ ಕೂದಲಿನಿಂದ ಒಂದು ವರ್ಷ ಹೋಗಲಿಲ್ಲವೆಂದು ಎಷ್ಟು ಸಲ ನಕ್ಕಿದ್ದೀಯ! ಆನ್‌ದೊಂಗಿನ ಬೀಗಿತ್ತಿಯ ಎದುರು ಅದನ್ನು ಹೇಳಲು ನಿನಗೆ ನಾಚಿಕೆಯಾಯಿತು. ನಿನಗೆ ಗೊತ್ತಿದ್ದದ್ದನ್ನು ಹೇಳಿದ್ದರೆ ಸಾಕಾಗಿತ್ತು. ಅದರ ಬದಲು ಹೊದಿಕೆ ಹೊಲಿದೆ.

ನೀವಿಬ್ಬರೂ ನನ್ನ ಮಕ್ಕಳ ಕೆಳಗೆ ಹಾಸಿದ್ದು, ಮೇಲೆ ಹೊದಿಸಿದ್ದು, ಎಲ್ಲವೂ ನಿಮ್ಮ ನಿಮ್ಮ ಮಾನ.

ಇನ್ನು ಮುಂದಿನದನ್ನು ನಾನು ತೀರ್ಮಾನಿಸಿದ್ದೇನೆ. ಯಾರನ್ನೂ ಕೇಳಿಲ್ಲ. ನಮ್ಮವರು ಮಂಡಿಯಿಂದ ಎರಡು ಸೇಬಿನ ಪೆಟ್ಟಿಗೆ ತಂದು, ಮೊಳೆ ಕಿತ್ತು, ಒಳಗೆಲ್ಲ ಉಜ್ಜಿ ನಯ ಮಾಡಿದ್ದಾರೆ. ತಳಕ್ಕೆ ಗಟ್ಟಿಯಾದ ಹಾಸು, ಬಿಗಿದು ಕಟ್ಟಿದ ಒಂದು ಬಟ್ಟೆ. ಅವಳಿಗೊಂದು, ಅವನಿಗೊಂದು. ದಿಂಬಿಲ್ಲ, ದಪ್ಪ ಹೊದಿಕೆಯಿಲ್ಲ, ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕಿಲ್ಲ, ಇಬ್ಬರೂ ಅಂಗಾತ. ತೊಡಿಸಿದ ಅಂಗಿ ಬೆಚ್ಚಗಿದ್ದರೆ ಸಾಕೆಂದು ಪ್ಯೊ ಅವರು ಹೇಳಿದ್ದಾರೆ. ಕತ್ತಿನ ಹಿಂದೆ ಬೆರಳಿಟ್ಟು ನೋಡುವುದನ್ನೂ ಕಲಿಸಿದ್ದಾರೆ. ಪೆಟ್ಟಿಗೆಗಳು ನನ್ನ ಕೋಣೆಯಲ್ಲಿ, ನನ್ನ ಕೈಗೆಟಕುವಷ್ಟು ಹತ್ತಿರ, ಒಲೆಯಿಂದ ದೂರ ಇವೆ. ಅವನ್ನು ಅಲ್ಲಿಂದ ಸರಿಸುವವರು ಮೊದಲು ನನ್ನನ್ನು ಸರಿಸಬೇಕು. ಊರಿನಿಂದ ಇನ್ನೂ ಮರಳದ ಬೊಕ್‌ಸಿಲ್‌ಗೆ ಹೇಳಿಕಳಿಸಿದ್ದೇನೆ, ಅವಳು ಇನ್ನು ನನ್ನ ಕೋಣೆಯಲ್ಲಿ ಇರುತ್ತಾಳೆ.

ಬರುವ ಮಾರ್ಚ್ ಹದಿಮೂರಕ್ಕೆ ನೂರು ದಿನ ತುಂಬುತ್ತದೆ. ಅಂದು ಅಮ್ಮ ಬಾ. ಅಕ್ಕಿಯ ಕಡುಬು ಮಾಡಿಸುತ್ತೇನೆ. ಹತ್ತಿಯ ಆ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಂದಿದ ಆ ನೆಲದ ಮೇಲೆ ಹಾಸುತ್ತೇನೆ. ನೀವಿಬ್ಬರೂ ಅಕ್ಕಪಕ್ಕದಲ್ಲಿ ಅಲ್ಲಿಯೇ ಕೂರಬೇಕು, ಊಟ ಮುಗಿಯುವ ತನಕ ಏಳಬಾರದು. ಬಿಸಿ ಮಗ್ಗುಲು ಬೇಕೆಂದವರು ನೀವು. ನನ್ನ ಮಕ್ಕಳು ಬಾಗಿಲ ಕಡೆ ಇರುತ್ತಾರೆ.

ಇನ್‌ಸುನ್


ಆನ್‌ದೊಂಗ್
9 ಜನವರಿ 1977

ಬೀಗಿತ್ತಿಯವರಿಗೆ,

ತಮ್ಮ ಇಪ್ಪತ್ತೆಂಟನೆಯ ತಾರೀಖಿನ ಕಾಗದ ತಲುಪಿದೆ. ಕ್ಷಮಿಸುವುದಿಲ್ಲವೆಂದು ಬರೆದಿದ್ದೀರಿ. ನಾನು ಕೇಳಿಯೂ ಇಲ್ಲ. ಅಂಥ ಮಾತು ನನಗೆ ರೂಢಿಯಿಲ್ಲ.

ಹೆಣ್ಣು ಕೂಸೇ ಮೊದಲು ಹುಟ್ಟಿದ್ದು ನಿಜ. ನಾನು ತಮಗೆ ಸುಳ್ಳು ಬರೆಯಲಿಲ್ಲ, ಬರೆಯದೆ ಬಿಟ್ಟೆ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಒಂದು ತಿಂಗಳ ಹಿಂದೆ ನಂಬಿದ್ದೆ.

ನಾನು ಸೊಸೆಯಾಗಿ ಬಂದಾಗ ಬಾಗಿಲ ಬಳಿಯ ಗೋಡೆಯೇ ನನ್ನ ಜಾಗ. ಇಪ್ಪತ್ತಾರು ವರ್ಷ ಅಲ್ಲಿಂದ ಅತ್ತೆಯವರ ಆ ಮಗ್ಗುಲನ್ನು ನೋಡುತ್ತಿದ್ದೆ. ಅವರು ಹೋದ ಮೇಲೂ ಅದು ನನಗೆ ಬರಲಿಲ್ಲ, ಯಜಮಾನರಿಗೆ ಹೋಯಿತು. ಮೊಮ್ಮಗನಿಗೆ ಕೊಟ್ಟಾಗ ನನ್ನ ಕೈಯಿಂದ ಕೊಟ್ಟೆನೆಂಬ ಹೆಮ್ಮೆಯಿತ್ತು. ಮೊನ್ನೆ ಇನ್‌ಸುನಳ ಕಾಗದ ಓದಿದ ಮೇಲೆ ನನ್ನ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಒಲೆಗೆ ಅಂದಿನಷ್ಟೇ ಕಟ್ಟಿಗೆ ಹಾಕಿ, ಅದೇ ಹಾಸಿಗೆ ಹಾಸಿ, ತಮ್ಮ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು ಅಲ್ಲಿ ಮಲಗಿದೆ. ಒಂದು ಬಟ್ಟಲು ಅನ್ನ ಉಣ್ಣುವಷ್ಟು ಹೊತ್ತೂ ತಡೆಯಲಾಗಲಿಲ್ಲ. ನನಗೆ ಒದ್ದು ಏಳಲು ಕಾಲಿತ್ತು.

ಈಗ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ಯಜಮಾನರು ಕಿಟಕಿಯ ಬಳಿಗೆ ಹೋಗಿದ್ದಾರೆ. ಮಾರ್ಚ್ ಹದಿಮೂರಕ್ಕೆ ನಾವಿಬ್ಬರೂ ಅಲ್ಲಿ ಕೂರಬೇಕಂತೆ. ಸೊಸೆ ಹೇಳಿದ್ದಾಳೆ, ಕೂರುತ್ತೇನೆ. ತಮ್ಮ ಪಕ್ಕದಲ್ಲಿ ಕೂರುವುದಕ್ಕೆ ನನಗೆ ಮನಸ್ಸಿದೆಯೆಂದು ತಾವು ಭಾವಿಸಬೇಕಾಗಿಲ್ಲ. ಪಂಡಿತರ ಊರು ಎಂದು ಚುಚ್ಚಿದ್ದನ್ನು ನಾನು ಮರೆತಿಲ್ಲ.

ಕೂಸುಗಳನ್ನು ಎತ್ತಲು ಅವಳು ಇನ್ನೂ ನನಗೆ ಬಿಡುವುದಿಲ್ಲ. ಜಗಲಿಯ ತನಕ ಮಾತ್ರ ಬರಬಹುದು. ಇಂದು ಬೆಳಗಿನಿಂದ ಅಲ್ಲಿಯೇ ಕುಳಿತಿದ್ದೇನೆ. ಈ ಕಾಗದವನ್ನೂ ಅಲ್ಲಿಯೇ ಬರೆಯುತ್ತಿದ್ದೇನೆ. ತಮ್ಮ ಮೊಮ್ಮಗಳು ಬೆಳಗಿನಿಂದ ನಾಲ್ಕು ಸಲ ಅರಚಿದ್ದಾಳೆ. ಈ ಸಾಲು ಬರೆಯುವಾಗ ಪಕ್ಕದ ಪೆಟ್ಟಿಗೆಯಿಂದ ಅವನೂ ಶುರುಮಾಡಿದ್ದಾನೆ. ಸಣ್ಣ ದನಿ, ಬಿರುಕು ದನಿ. ಆದರೆ ಹಟ ಹಿಡಿದು ಕೂಗುತ್ತಿದ್ದಾನೆ. ಅಕ್ಕನಿಂದ ಕಲಿತಿರಬೇಕು. ಇಬ್ಬರೂ ಒಟ್ಟಿಗೆ ಅಳುವುದು ಬೀದಿಗೂ ಕೇಳಿಸುತ್ತಿದೆ. ಆ ನೆರೆಮನೆಯಾಕೆ ಬಾಗಿಲಿಗೆ ಬಂದು, “ಏನಕ್ಕಾ ಇದು, ಮನೆ ಮೀನು ಸಂತೆ ಆಗಿದೆ?” ಎಂದಳು.

“ಆಗ್ಲಿ ಬಿಡು” ಎಂದೆ.

ನಾಮ್ ಜೊಂಗ್‌ಇಮ್